ಹನ್ನೊಂದು ಚೀಲ

"ಯುದ್ಧ ಆತಂದ್ರ ನಿಮ್ಮ ಮನ್ಯಾಗಿನ ಕಾಳು ಎಷ್ಟು ದಿನ ಬರ್ತಾವ್ರೀ?"

ಟ್ಯಾಬಿನಲ್ಲಿದ್ದ ಪ್ರಶ್ನೆಯನ್ನು ಮೇಘಾ ತನ್ನ ಮಾತಿಗೆ ತಿರುಗಿಸಿ ಜೋರಾಗಿ ಕೇಳಿದಳು. ಜೋರಾಗಿಯೇ ಕೇಳಬೇಕು, ಟ್ಯಾಬು ಅದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು. ಅಮರೇಗೌಡ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಕಟ್ಟೆಯ ಮೇಲೆ ಕೂತಲ್ಲಿಂದಲೇ ನಕ್ಕ.

"ಯಾರ ಕೂಡ ಯುದ್ಧ?"

"ಯಾರ ಕೂಡರ ಆಗ್ಲಿರೀ. ಆತಂದ್ರ."

"ಆತಂದ್ರ ಒಂದ್ ಚೀಲ ಐತಿ, ಬರಕೋ."

ಅವನ ಬೆನ್ನ ಹಿಂದೆ ಅಂಗಳದಲ್ಲಿ ಎರಡು ಟ್ರ್ಯಾಕ್ಟರು ನಿಂತಿದ್ದವು. ಆಗಷ್ಟೇ ಗದ್ದೆಯಿಂದ ಬಂದ ನೆಲ್ಲನ್ನು ಹಮಾಲರು ಗೋದಾಮಿಗೆ ಹೊರುತ್ತಿದ್ದರು. ಹೊಸ ನೆಲ್ಲಿನ ಧೂಳಿಗೆ ಮೇಘಾಳಿಗೆ ಎರಡು ಸಲ ಸೀನು ಬಂತು. ಅವಳ ಕಣ್ಣು ಎಲ್ಲಿ ಹೋಯಿತೆಂದು ಗೌಡನಿಗೆ ತಿಳಿಯಿತು.

"ಅದು ಮಾರೂದವ್ವ, ತಿನ್ನೂದಲ್ಲ. ತಿನ್ನೂದು ಒಂದ ಚೀಲ."

"ಒಳಗ ಬಂದು ಒಂದ್ ಫೋಟೋ ಹೊಡ್ಕೊಬೇಕಾಗೈತ್ರಿ."

"ನೀ ಯಾರ ಪೈಕಿ?"

"ಮಸ್ಕಿ ಅಂಬಪ್ಪನ ಮಗಳ್ರೀ."

"ಯಾವ ಅಂಬಪ್ಪ?"

ಮೇಘಾ ತಮ್ಮ ಓಣಿಯ ಹೆಸರು ಹೇಳಿದಳು. ಅಷ್ಟು ಸಾಕಾಯಿತು. ಗೌಡ ಕೆಳಗೆ ಇಳಿಬಿಟ್ಟಿದ್ದ ಕಾಲನ್ನು ಮೆಲ್ಲಗೆ ಮೇಲೆ ಎಳೆದುಕೊಂಡ. "ಒಳಗ ದೇವರ ಅದಾವ, ಬ್ಯಾಡ. ಚೀಲಾನ ಹೊರಗ ತರಸ್ತೀನಿ. ದೇಶದ ಕೆಲಸ, ಇಲ್ಲ ಅನ್ನಬಾರದು" ಎಂದು ಒಬ್ಬ ಆಳಿನ ಕೈಲಿ ಒಂದು ಚೀಲ ತರಿಸಿ ಕಟ್ಟೆಯ ಮುಂದೆ ಇಡಿಸಿದ. ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು ಅದರ ಮೇಲೆ ಕೈಯಿಟ್ಟು ಫೋಟೋಕ್ಕೂ ಕೂತ. ಮನೆಯಲ್ಲಿ ಒಂಬತ್ತು ಮಂದಿ, ಒಂದು ಚೀಲಕ್ಕೆ ಐವತ್ತು ಕಿಲೋ. ಟ್ಯಾಬು ಕ್ಷಣ ತಡೆದು ಹದಿಮೂರು ದಿನ ಎಂದು ತೋರಿಸಿ ಕೆಂಪಾಯಿತು. ಕಾಗದದ ಕಪ್ಪಿನಲ್ಲಿ ಬಂದ ಚಹಾವನ್ನು ಕಟ್ಟೆಯ ತುದಿಯಲ್ಲಿ ಇಟ್ಟುಹೋದರು. ಮೇಘಾ ಕುಡಿಯಲಿಲ್ಲ, ಕುಡಿಯದಿದ್ದುದನ್ನು ಯಾರೂ ನೋಡಲೂ ಇಲ್ಲ.

ಗಡಿಯಲ್ಲಿ ಗುಂಡು ಹಾರಿದ್ದು ಬೇಸಿಗೆಯಲ್ಲಿ. ಆಗ ನಾಲ್ಕು ದಿನ ಟಿವಿಯವರು ಗಂಟಲು ಹರಿದುಕೊಂಡರು, ಪೇಟೆಯ ಕಿರಾಣಿ ಅಂಗಡಿಗಳಲ್ಲಿ ಸಕ್ಕರೆ ಎಣ್ಣೆಗೆ ನೂಕುನುಗ್ಗಲಾಯಿತು, ಆಮೇಲೆ ಎಲ್ಲ ತಣ್ಣಗಾಯಿತು. ದೇಶ ಯುದ್ಧಕ್ಕೆ ಬಿದ್ದರೆ ಒಂದೊಂದು ಮನೆ ಎಷ್ಟು ದಿನ ಉಂಡೀತು ಎಂದು ಅಳೆಯಬೇಕೆಂಬ ಯೋಚನೆ ಆಗ ಯಾರಿಗೋ ಹೊಳೆದಿತ್ತಂತೆ. ಆ ಯೋಚನೆ ಫೈಲಿನಿಂದ ಫೈಲಿಗೆ ದಾಟಿ, ಒಂದು ಸರ್ವೆ ಕಂಪನಿಯ ಪಾಲಾಗಿ, ಕಾಲುವೆ ದಂಡೆಯ ಈ ಊರು ಕರೆಕಲ್ಲಹಾಳಕ್ಕೆ ಬಂದು ಮುಟ್ಟುವಷ್ಟರಲ್ಲಿ ದೀಪಾವಳಿ ಕಳೆದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವುದು ಇಂಥದ್ದಕ್ಕೇ.

ಸಿಂಧನೂರಿನ ಒಂದು ಕಲ್ಯಾಣ ಮಂಟಪದಲ್ಲಿ ಎರಡು ದಿನ ತರಬೇತಿ ನಡೆದಿತ್ತು. ಬೆಂಗಳೂರಿನಿಂದ ಬಂದ ಸಾಹೇಬರು ಇದಕ್ಕೆ 'ಆಹಾರ ತಾಳಿಕೆ ಸೂಚ್ಯಂಕ' ಎನ್ನುತ್ತಾರೆ ಎಂದರು. ತಾಳಿಕೆ ಬಾಳಿಕೆ ಎಂಬ ಮಾತನ್ನು ಮೇಘಾ ಅಲ್ಲಿಯವರೆಗೆ ಬಟ್ಟೆ ಅಂಗಡಿಯವರ ಬಾಯಲ್ಲಷ್ಟೇ ಕೇಳಿದ್ದಳು. ಲೆಕ್ಕ ಸುಲಭವಿತ್ತು. ಮನೆಯಲ್ಲಿರುವ ಕಾಳನ್ನು ತಲೆಗೆ ದಿನಕ್ಕೆ ನಾನೂರು ಗ್ರಾಮಿನಂತೆ ಭಾಗಿಸಬೇಕು. ಹದಿನೈದು ದಿನದೊಳಗಾದರೆ ಕೆಂಪು, ತೊಂಬತ್ತು ದಿನ ಮೀರಿದರೆ ಹಸಿರು, ನಡುವಿನದು ಹಳದಿ. "ಕಂಡದ್ದು ಬರೀರಿ, ಕೇಳಿದ್ದು ಬರೀಬ್ಯಾಡ್ರಿ" ಎಂದು ಮೇಲ್ವಿಚಾರಕ ಆಸೀಮ್ ಮೂರು ಸಲ ಹೇಳಿದ. ದಿನಕ್ಕೆ ನಲವತ್ತು ಮನೆ, ಮೂರು ತಿಂಗಳ ಕೆಲಸ. ಬಿ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತಿದ್ದ ಮೇಘಾಳಿಗೆ ಅದು ಸಣ್ಣದಲ್ಲ.

ಗೌಡರ ಓಣಿ ಮುಗಿದ ಮೇಲೆ ಕೆನಾಲಿನ ಕಡೆಯ ಓಣಿಗೆ ಬಂದಳು. ನೀರು ಬಂದ ಕಾಲಕ್ಕೆ ನಾಟಿ ಕೂಲಿಗೆಂದು ಬಂದು ಅಲ್ಲೇ ನಿಂತವರ ಓಣಿ ಅದು. ಹನ್ನೆರಡು ಮನೆ, ಎಲ್ಲ ಪೈಕಿಯವರೂ ಇದ್ದರು. ಒಳಗೆ ಬರಬೇಡ ಎಂದು ಇಲ್ಲಿ ಯಾರೂ ಅನ್ನಲಿಲ್ಲ. ಅನ್ನಲು ಒಳಗೆ ಅಂಥ ಜಾಗವೂ ಇರಲಿಲ್ಲ.

ಮೊದಲ ಮನೆ ರಹೀಮಾಬೀಯದು. ಐದು ಮಂದಿಯ ಮನೆಯಲ್ಲಿ ಡಬ್ಬಿಯ ತಳದಲ್ಲಿ ಎರಡು ಕಿಲೋದಷ್ಟು ಹಿಟ್ಟು, ಅಷ್ಟೇ. ಆದರೆ ಮೂಲೆಯಲ್ಲಿ, ಸಾರಿಸಿದ ನೆಲದ ಮೇಲೆ, ಚೀಲವೊಂದು ಬಹಳ ದಿನ ನಿಂತಿದ್ದ ದುಂಡನೆಯ ಗುರುತು ಹಸಿಯಾಗಿ ಕಾಣುತ್ತಿತ್ತು. ಅಲ್ಲಿ ಇಲ್ಲಿ ನಾಲ್ಕು ಜೋಳದ ಕಾಳು ಬಿದ್ದಿದ್ದವು.

"ಚೀಲ ಎಲ್ಲಿ ಹೋತ್ರೀ ಚಾಚೀ?"

ರಹೀಮಾಬೀ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಊರಿಗೆ ಹೋಗೈತವ್ವ. ಸಂಜಿಗೆ ಬರ್ತೈತಿ."

ಕಂಡದ್ದು ಬರೆಯಬೇಕು. ಮೇಘಾ ಎರಡು ಕಿಲೋ ಎಂದು ಬರೆದಳು. ಒಂದು ದಿನ, ಕೆಂಪು. ಮುಂದಿನ ಮನೆಯಲ್ಲೂ ಅದೇ ಗುರುತು, ಅದೇ ನಗು. ಆರನೆಯ ಮನೆಯ ಹೊತ್ತಿಗೆ ಅವಳಿಗೆ ಚೀಲಗಳು ಹೋದ ಊರು ಯಾವುದೆಂದು ಅನುಮಾನ ಬಂದಿತ್ತು. ಹನ್ನೊಂದು ಮನೆ ಮುಗಿಸಿ ಕೊನೆಯ ಮನೆಗೆ ಬಂದಾಗ ಊರೇ ಸಿಕ್ಕಿತು.

ಗದ್ದೆಮ್ಮನ ಮನೆಯ ಮುಂದೆ ಓಣಿಯ ಮಕ್ಕಳೆಲ್ಲ ಜಮಾಯಿಸಿದ್ದರು. ಪಡಸಾಲೆಯಲ್ಲಿ ಗೋಡೆಗುಂಟ ಎರಡು ಸಾಲಿನಲ್ಲಿ ಹನ್ನೊಂದು ಚೀಲ. ಒಂದು ಬಿಳಿ, ಒಂದು ಹಳದಿ, ಒಂದು ಗೊಬ್ಬರದ ಚೀಲ, ಒಂದರ ಹರಿದ ಮೂಲೆಗೆ ಹಸಿರು ಸೀರೆಯ ಅಂಚಿನ ಹೊಲಿಗೆ. ಹನ್ನೊಂದು ಮನೆಯ ಹನ್ನೊಂದು ಬಣ್ಣ. ಅವುಗಳ ಮುಂದೆ ಹಾಸಿದ ಜಮಖಾನೆಯ ಮೇಲೆ ನಾಲ್ಕು ಮಂದಿ ಪರವೂರಿನವರು ಮಂಡಕ್ಕಿ ಒಗ್ಗರಣೆ ತಿನ್ನುತ್ತಿದ್ದರು. ಗದ್ದೆಮ್ಮನ ಮಗಳು ಜ್ಯೋತಿಯನ್ನು ನೋಡಲು ಲಿಂಗಸುಗೂರಿನಿಂದ ಬಂದವರು. ಹುಡುಗ ಆಂಜನೇಯ ಅಲ್ಲಿ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಿದ್ದ. ಕಣ್ಣು ನೆಲ ಬಿಟ್ಟು ಏಳುತ್ತಿರಲಿಲ್ಲ. ಮಾತೆಲ್ಲ ಅವನ ಸೋದರಮಾವ ಮಾನಪ್ಪನದು.

ಮಾನಪ್ಪ ಕುರಿ ವ್ಯಾಪಾರದವನು. ಸಂತೆಯಲ್ಲಿ ಕುರಿಯ ಬೆನ್ನ ಮೇಲೆ ಅಂಗೈ ಒತ್ತಿ ಇಷ್ಟೇ ಕಿಲೋ ಎಂದು ಹೇಳುವವನು, ತಕ್ಕಡಿ ಮುಟ್ಟದವನು. ಮೇಘಾ ಒಳಗೆ ಕಾಲಿಟ್ಟಾಗ ಅವನ ಬಲಗೈ ಪಕ್ಕದ ಚೀಲದ ಮೇಲೆ ಇತ್ತು. ಒತ್ತಿದ, ಒಳಗೆ ಕಾಳು ಕಿರ್ ಎಂದವು. ಅವನ ಮುಖದಲ್ಲಿ ಒಂದು ಸಣ್ಣ ತೃಪ್ತಿ ಕಂಡಿತು.

ಮೇಘಾಳಿಗೆ ತಿರುಗಿ ಹೋಗಬೇಕೆನಿಸಿತು. ನಾಳೆ ಬಂದರೆ ಚೀಲಗಳು ತಂತಮ್ಮ ಮನೆಗೆ ಹೋಗಿರುತ್ತವೆ, ಯಾರಿಗೂ ತೊಂದರೆಯಿಲ್ಲ. ಆದರೆ ಕರೆಕಲ್ಲಹಾಳಕ್ಕೆ ಕೊಟ್ಟಿದ್ದು ಅದೊಂದೇ ದಿನ. ಸಂಜೆ ಆರಕ್ಕೆ ಊರಿನ ಪಟ್ಟಿ ತಾನೇ ಮುಚ್ಚಿಕೊಳ್ಳುತ್ತಿತ್ತು, ಮನೆ ಬಿಟ್ಟುಹೋದರೆ ಆಸೀಮನ ಫೋನು ಬರುತ್ತಿತ್ತು. ಅಷ್ಟರಲ್ಲಿ ಗದ್ದೆಮ್ಮ ಅವಳ ಕೈ ಹಿಡಿದು ಜಮಖಾನೆಯ ಮೇಲೆಯೇ ಕೂರಿಸಿಬಿಟ್ಟಳು. ಎಲ್ಲರಿಗೂ ಕೊಟ್ಟ ಸ್ಟೀಲಿನ ಲೋಟದಲ್ಲೇ ಅವಳಿಗೂ ಚಹಾ ಬಂತು.

"ಸರಕಾರದವರು ಬಂದಾರ" ಎಂದು ಗದ್ದೆಮ್ಮ ಬೀಗರಿಗೆ ಹೇಳಿದಳು. ಆ ಮಾತಿನಲ್ಲಿ ಹೆಮ್ಮೆಯೂ ಇತ್ತು, ಸರಕಾರವೇ ತನ್ನ ಕಾಳು ನೋಡಲು ಬಂದಿದೆ ಎನ್ನುವ ಹಾಗೆ. "ಕೇಳವ್ವ, ಏನ್ ಕೇಳ್ತಿ?"

ಮನೆಯಲ್ಲಿ ಮೂವರು. ಗದ್ದೆಮ್ಮ, ಜ್ಯೋತಿ, ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಕಣ್ಣು ಕಾಣದ ಅತ್ತೆ. ಮೇಘಾ ಚೀಲಗಳ ಫೋಟೋ ಹೊಡೆದಳು. ಆಮೇಲೆ ಕೊನೆಯ ಪ್ರಶ್ನೆ ಬಂತು. ಅದನ್ನೂ ಜೋರಾಗಿಯೇ ಕೇಳಬೇಕಿತ್ತು.

"ಇವೆಲ್ಲ ನಿಮ್ಮ ಸ್ವಂತದ್ದ ಏನ್ರೀ?"

ಒಗ್ಗರಣೆ ತಿನ್ನುತ್ತಿದ್ದವರ ಕೈಗಳು ನಿಂತವು. ಬಾಗಿಲಲ್ಲಿ ನಿಂತಿದ್ದ ರಹೀಮಾಬೀ ಮಗುವಿನ ಮೂಗು ಒರೆಸುತ್ತಿದ್ದವಳು ಹಾಗೇ ನಿಂತಳು. ಬಾಗಿಲ ಸಂದಿಯಲ್ಲಿ ಜ್ಯೋತಿಯ ಸೀರೆಯ ಅಂಚು ಅಲ್ಲಾಡಲಿಲ್ಲ. ಗದ್ದೆಮ್ಮ ಮೇಘಾಳನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆಯೂ ಇತ್ತು, ಸಿಟ್ಟೂ ಇತ್ತು.

"ನಮ್ಮವ ಅವ್ವ. ಮತ್ಯಾರವು?"

ಮೇಘಾ 'ಹೌದು' ಒತ್ತಿದಳು. ಕಂಡದ್ದು ಬರೆಯಬೇಕು, ಕಂಡದ್ದನ್ನೇ ಬರೆದೆ ಎಂದು ಆ ಕ್ಷಣ ತನಗೆ ತಾನೇ ಹೇಳಿಕೊಂಡಳು. ಟ್ಯಾಬು ಹಸಿರಾಯಿತು.

"ಎಷ್ಟ ಬಂತು ಲೆಕ್ಕ?" ಎಂದ ಮಾನಪ್ಪ.

"ನಾನೂರ ಐವತ್ತೆಂಟು ದಿನ್ರೀ."

ಮಾನಪ್ಪ ತೊಡೆ ತಟ್ಟಿ ನಕ್ಕ. "ಯುದ್ಧ ಒಂದ್ ವರ್ಸ ನಡದ್ರೂ ನಮ್ಮ ಬೀಗರು ಉಂಡು ನಮಗೂ ಉಳಸ್ತಾರ ಅನ್ರೀ!" ಬೀಗರು ಎಂಬ ಮಾತು ಬಾಯಿಂದ ಬಿದ್ದದ್ದೇ ತಡ, ಬಾಗಿಲಲ್ಲಿದ್ದ ಹೆಂಗಸರೆಲ್ಲ ಒಬ್ಬರನ್ನೊಬ್ಬರು ತಿವಿದುಕೊಂಡರು. ಬನದ ಹುಣ್ಣಿಮೆಗೆ ಸೀರೆ ತಂದು ನಿಶ್ಚಯ ಮಾಡುವುದೆಂದು ಅಲ್ಲೇ ಮಾತಾಯಿತು. ಹೊರಡುವಾಗ ಗದ್ದೆಮ್ಮ ಮೇಘಾಳ ಬಾಯಿಗೆ ಒಂದು ಚಿಟಿಕೆ ಸಕ್ಕರೆ ಹಾಕಿ, ಕಿವಿಯ ಹತ್ತಿರ ಬಂದು, "ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ" ಎಂದಳು.

ಮಸ್ಕಿಯ ಮನೆಯಲ್ಲಿ ಅವ್ವ ಪಕೀರಮ್ಮ ಸಂಜೆಯ ರೊಟ್ಟಿ ತಟ್ಟುತ್ತಿದ್ದಳು. ಮೇಘಾ ನಡೆದದ್ದನ್ನೆಲ್ಲ ಹೇಳಿದಾಗ ಅವ್ವ ನಕ್ಕಳು.

"ನನ್ನ ನೋಡಾಕ ನಿಮ್ಮಪ್ಪ ಬಂದಾಗ ನಮ್ಮ ಮನ್ಯಾಗ ಒಂಬತ್ತು ಚೀಲ ಇದ್ದೂವು. ಒಂದೂ ನಮ್ಮವಲ್ಲ."

"ಅಪ್ಪನ ಕಡೆಯೋರಿಗೆ ಗೊತ್ತಾಗಲಿಲ್ಲೇನು?"

"ಗೊತ್ತಿಲ್ದ ಏನವ್ವ? ಅವರ ತಂಗೀನ ನೋಡಾಕ ಬಂದಾಗ ಅವರೂ ಹಿಂಗ ಮಾಡಿರ್ತಾರ."

"ಗೊತ್ತಿದ್ದೂ ಮತ್ಯಾಕ ನೋಡ್ತಾರ?"

ಪಕೀರಮ್ಮ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿ ಹಾಕಿ, ಇಷ್ಟು ಓದಿ ಇಷ್ಟೂ ತಿಳಿಯಲಿಲ್ಲವೇ ಎನ್ನುವಂತೆ ಮಗಳ ಮುಖ ನೋಡಿದಳು. "ಚೀಲ ನೋಡಾಕ ಬರೂದಿಲ್ಲಬೇ. ಈ ಮನಿಗೆ ಚೀಲ ಕೊಡೋ ಮಂದಿ ಅದಾರೋ ಇಲ್ಲೋ ಅಂತ ನೋಡಾಕ ಬರ್ತಾರ. ನಾಳೆ ಹುಡುಗಿಗೆ ಕೆಟ್ಟ ಹೊತ್ತು ಬಂದ್ರ ಓಣಿ ನಿಂದರ್ತೈತೋ ಇಲ್ಲೋ ಅಂತ."

ಬ್ಯಾಂಕಿನಲ್ಲಿ ಜವಾನನಾಗಿ ಮೂವತ್ತು ವರ್ಷ ಕಳೆದ ಅಂಬಪ್ಪ ಪೇಪರಿನಿಂದ ತಲೆಯೆತ್ತಿದ. "ಅದೆಲ್ಲ ಖರೇ. ಆದ್ರ ಕಾಗದದ ಮ್ಯಾಲ ಬಂದದ್ದು ಬ್ಯಾರೆ ಆಗ್ತೈತಿ. ನೀ ಈಗಿಂದೀಗ ಫೋನ್ ಮಾಡು."

ಮೇಘಾ ಆಸೀಮನಿಗೆ ಫೋನು ಮಾಡಿದಳು. ಅವನು ಬಸ್ಸಿನಲ್ಲಿದ್ದ. "ಸಬ್ಮಿಟ್ ಆದ್ದು ಆತು ಮೇಡಂ, ಎಡಿಟ್ ಇಲ್ಲ. ಹಸಿರು ಬಂದೈತಿ ಅಂದ್ರ ಚಲೋನ ಅಲ್ಲೇನು? ಯಾಕ ತಲಿ ಕೆಡಿಸ್ಕೊಂತೀರಿ" ಎಂದ. ಅವಳೂ ತಲೆ ಕೆಡಿಸಿಕೊಳ್ಳಲಿಲ್ಲ. ನಾನೂರ ಐವತ್ತೆಂಟು ದಿನ ಯಾರ ಹೊಟ್ಟೆಯ ಮೇಲೆ ಹೊಡೆದೀತು ಎಂದುಕೊಂಡಳು.

ಎಳ್ಳಮಾಸೆಯ ಮರುವಾರ ಅದು ಹೊಡೆಯಿತು. ಪಟ್ಟಿ ಬಂದು, ಕೆಂಪು ಮನೆಗಳಿಗೆ ಇಪ್ಪತ್ತೈದು ಕಿಲೋ ಅಕ್ಕಿ, ಐದು ಕಿಲೋ ತೊಗರಿ ಬೇಳೆ, ಎರಡು ಪಾಕೀಟು ಎಣ್ಣೆಯ ಗಂಟುಗಳು ಬಂದವು. ಹಸಿರು ಮನೆಗಳಿಗೆ ತಾಳಿಕೆ ಇರುವುದರಿಂದ ತಿಂಗಳ ರೇಷನ್ ಅಕ್ಕಿಯನ್ನು ಮುಂದಿನ ಸರ್ವೆಯವರೆಗೆ ತಡೆಹಿಡಿಯಲಾಗಿತ್ತು. ಗಂಟು ಹಂಚುವ ಕೆಲಸಕ್ಕೂ ಮೇಘಾಳನ್ನೇ ಕರೆದರು. ಶಾಲೆಯ ಅಂಗಳದಲ್ಲಿ ಟೆಂಪೋ ನಿಂತಿತು, ಆಸೀಮ್ ಹೆಬ್ಬೆಟ್ಟಿನ ಮಷೀನು ಹಿಡಿದು ಕುರ್ಚಿಯ ಮೇಲೆ ಕೂತ.

ಅಕ್ಷರದ ಸಾಲಿನಲ್ಲಿ ಮೊದಲ ಹೆಸರು ಅಮರೇಗೌಡನದೇ ಬಂತು. ಅವನು ಸ್ವತಃ ಬರಲಿಲ್ಲ. ಆಸೀಮನೇ ಮಷೀನು ಹಿಡಿದುಕೊಂಡು ಗೌಡನ ಕಟ್ಟೆಯವರೆಗೆ ಹೋಗಿ ಬಂದ, ಗಂಟನ್ನು ಹಮಾಲರು ಹೊತ್ತರು. ಕೆನಾಲ್ ಓಣಿಯ ಹನ್ನೊಂದು ಮನೆಯವರೂ ತಂತಮ್ಮ ಗಂಟು ಹೊತ್ತುಕೊಂಡು ಹೋದರು. ಹನ್ನೆರಡನೆಯವಳಾಗಿ ಗದ್ದೆಮ್ಮ ಬಂದು ಹೆಬ್ಬೆಟ್ಟು ಇಟ್ಟಳು. ಮಷೀನು ಕುಂಯ್ ಎಂದಿತು. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು. ನಾಟಿಯ ಕೆಸರಿನಲ್ಲಿ ಗೆರೆ ಸವೆದದ್ದಕ್ಕೆ ಹೀಗಾಗುತ್ತಿದೆ ಎಂದುಕೊಂಡು ಬೆರಳನ್ನು ಎಂಜಲು ಮಾಡಿ ಇನ್ನೊಮ್ಮೆ ಇಟ್ಟಳು.

"ಬೆರಳಿಂದಲ್ಲಮ್ಮ, ನಿಮ್ಮದು ಹಸಿರು" ಎಂದ ಆಸೀಮ್. "ರೇಷನ್ನೂ ಬಂದ್ ಐತಿ. ನಿಮ್ಮ ಮನ್ಯಾಗ ಹನ್ನೊಂದು ಚೀಲ ಅದಾವಲ್ಲ, ಫೋಟೋ ಐತಿ ನೋಡ್ರಿ."

ಗದ್ದೆಮ್ಮ ಫೋಟೋ ನೋಡಿದಳು. ಆಮೇಲೆ ಟೆಂಪೋದ ಹಿಂದೆ ನಿಂತಿದ್ದ ಮೇಘಾಳನ್ನು ನೋಡಿದಳು. ಬೈದಿದ್ದರೆ ಮೇಘಾಳಿಗೆ ಹಗುರಾಗುತ್ತಿತ್ತು. "ಇರ್ಲಿ ಬಿಡವ್ವ, ನೀ ಕಂಡದ್ದ ಬರದಿ" ಎಂದಳು ಅವಳು, ಅಷ್ಟೇ. ಕೈಯಲ್ಲಿದ್ದ ಖಾಲಿ ಚೀಲವನ್ನು ಮಡಚಿ ಬಗಲಲ್ಲಿ ಇಟ್ಟುಕೊಂಡು ಹೋದಳು.

ಮೇಘಾಳಿಗೆ ನಾಚಿಕೆಯಾಯಿತು. ತನ್ನ ಮೇಲೂ, ಟ್ಯಾಬಿನ ಮೇಲೂ, ಬೆಂಗಳೂರಿನ ಸಾಹೇಬರ ಮೇಲೂ ಸಿಟ್ಟು ಬಂತು. ಆಸೀಮನ ಜೀವ ತಿಂದು ಆಕ್ಷೇಪಣೆಯ ಅರ್ಜಿಯೊಂದನ್ನು ಪಡೆದಳು. ಅದರಲ್ಲೊಂದು ಷರತ್ತಿತ್ತು. ಕಾಳು ತನ್ನದಲ್ಲ ಎನ್ನುವವರು ಅದು ಯಾರದೆಂದು ತೋರಿಸಬೇಕು. ಆ ಮನೆಯವರು 'ಈ ಚೀಲ ನಮ್ಮದು' ಎಂದು ಕಾರ್ಡಿನ ನಂಬರು ಬರೆದು ಹೆಬ್ಬೆಟ್ಟು ಒತ್ತಬೇಕು. ಒತ್ತಿದರೆ ಅವರ ಕೆಂಪು ಹೋಗುತ್ತದೆ, ಗಂಟು ವಾಪಸು.

"ನಾ ಒತ್ತತೀನವ್ವ. ಅವರು ಒತ್ತಬೇಕಲ್ಲ" ಎಂದಳು ಗದ್ದೆಮ್ಮ. ಆದರೂ ಇಬ್ಬರೂ ಬಾಗಿಲಿಂದ ಬಾಗಿಲಿಗೆ ಹೋದರು. ಒಬ್ಬರ ಮನೆಯಲ್ಲಿ ಗಂಡ ಊರಲ್ಲಿರಲಿಲ್ಲ. ಇನ್ನೊಬ್ಬರಿಗೆ ಕಾರ್ಡು ಸಿಗಲಿಲ್ಲ. ಮತ್ತೊಬ್ಬಳು ಒಲೆಯ ಮೇಲಿನ ತೊಗರಿ ಬೇಳೆಯ ಮೇಲೆ ತಟ್ಟೆ ಮುಚ್ಚಿ, "ಯಾ ಚೀಲ? ನಾ ಯಾವಾಗ ಕೊಟ್ಟಿದ್ದೆ?" ಎಂದಳು. ಎಲ್ಲರೂ ಕೂತು ಮಾತಾಡಿಕೊಂಡಂತೆ ಕಾಣಲಿಲ್ಲ. ಆದರೂ ಎಲ್ಲರ ಮಾತೂ ಒಂದೇ ಆಗಿತ್ತು.

ರಹೀಮಾಬೀ ಮಾತ್ರ ಸುಳ್ಳು ಹೇಳಲಿಲ್ಲ. ಹೊಸ್ತಿಲಲ್ಲಿ ಕೂತು ಅತ್ತಳು. "ನಿನ್ನ ಮಗಳು ನನ್ನ ಮಡಲಾಗ ಆಡಿದಾಕಿ ಗದ್ದೆಮ್ಮಕ್ಕ. ಹಸಿರು ಅಂಚಿನ ಚೀಲ ನಂದ, ದೇವರ ಮುಂದ ಹೇಳ್ತೀನಿ. ಕಾಗದದ ಮ್ಯಾಲ ಹೇಳಂಗಿಲ್ಲ. ನನಗೂ ಮೂರು ಮಕ್ಳ ಅದಾವ."

"ಕಾಗದ ಬ್ಯಾಡ ಬಿಡು" ಎಂದಳು ಗದ್ದೆಮ್ಮ. "ಹುಣ್ಣಿಮಿಗೆ ನಿಶ್ಚಯ ಐತಿ. ಒಂದೊಪ್ಪತ್ತು ಚೀಲ ಕೊಡ್ರಿ ಸಾಕು. ಮುಂಜಾನೆ ತಂದು ಸಂಜಿಗೆ ಕಳಸ್ತೀನಿ."

ರಹೀಮಾಬೀ ಮೇಘಾಳ ಬಗಲಲ್ಲಿದ್ದ ಟ್ಯಾಬಿನ ಕಡೆ ನೋಡಿದಳು. "ಮತ್ತ ಯಾರರ ಬಂದು ಫೋಟೋ ಹೊಡದ್ರ?" ಎಂದಳು. ಮೆಲ್ಲಗೆ ಎದ್ದು ಒಳಗೆ ಹೋದಳು. ಬಾಗಿಲು ಪೂರ್ತಿ ಹಾಕಲಿಲ್ಲ, ಅರ್ಧ ಮುಂದೆ ಮಾಡಿದಳು.

ಹುಣ್ಣಿಮೆಯ ಹಿಂದಿನ ದಿನ ಮೇಘಾ ಅವ್ವನಿಗೆ, "ನಮ್ಮದೊಂದು ಜ್ವಾಳದ ಚೀಲ ಕೊಡು" ಎಂದಳು.

"ಒಂದರಿಂದ ಏನಾಗ್ತೈತಬೇ?"

"ಒಂದರ ಆಗ್ಲಿ."

ಬೆಳಗ್ಗೆ ಅಂಬಪ್ಪನೇ ಚೀಲವನ್ನು ಹೆಗಲ ಮೇಲೆ ಹೊತ್ತು ಬಸ್ ಸ್ಟ್ಯಾಂಡಿಗೆ ತಂದ. ಇಷ್ಟು ವಯಸ್ಸಿನಲ್ಲಿ ಯಾಕಪ್ಪಾ ಎಂದರೆ ಕೇಳಲಿಲ್ಲ. ತುರ್ವಿಹಾಳದವರೆಗೆ ಬಸ್ಸು, ಅಲ್ಲಿಂದ ಆಟೋ. ಕಂಡಕ್ಟರು ಚೀಲಕ್ಕೂ ಟಿಕೀಟು ಹರಿದ.

ಗದ್ದೆಮ್ಮನ ಪಡಸಾಲೆಗೆ ಕಾಲಿಟ್ಟ ಮೇಘಾಳಿಗೆ ಜೀವ ಬಂದಂತಾಯಿತು. ಗೋಡೆಗುಂಟ ಎರಡು ಸಾಲಿನಲ್ಲಿ ಹತ್ತು ಚೀಲ ಕೂತಿದ್ದವು. "ಕೊಟ್ರೇನ್ರೀ ಎಲ್ಲಾರೂ!" ಎಂದಳು. ಗದ್ದೆಮ್ಮ, "ನಿನ್ನ ಚೀಲ ಮುಂದ ಇಡೂನು ಬಾ. ಅದನ್ನಷ್ಟು ಹಿಂದಕ್ಕ ಸರಸು" ಎಂದಳು. ಮೇಘಾ ಮುಂದಿನ ಚೀಲವನ್ನು ಎರಡೂ ಕೈಯಿಂದ ತಬ್ಬಿ ಬಲ ಹಾಕಿ ಎತ್ತಿದಳು. ಅದು ದಿಂಬಿನಂತೆ ಎದೆಗೆ ಬಂದುಬಿಟ್ಟಿತು, ಅವಳು ಹಿಂದಕ್ಕೆ ಮುಗ್ಗರಿಸಿ ಗೋಡೆಗೆ ತಾಗಿದಳು. ಹೊಲಿಗೆಯ ಸಂದಿಯಿಂದ ನೆಲ್ಲಿನ ಹೊಟ್ಟು ಉದುರಿತು.

"ಮಿಲ್ಲಿನ ಹಿಂದ ಬಿದ್ದಿತ್ತು. ನಾನೂ ಜ್ಯೋತಿ ಎರಡು ದಿನ ತುಂಬಿದ್ವಿ" ಎಂದಳು ಗದ್ದೆಮ್ಮ. ಒಳಮನೆಯಲ್ಲಿ ಜ್ಯೋತಿ ತಲೆ ಬಾಚಿಕೊಳ್ಳುತ್ತಿದ್ದಳು. ಎಷ್ಟು ಬಾಚಿದರೂ ಕೂದಲಲ್ಲಿ ಒಂದೊಂದು ಹೊಟ್ಟಿನ ಚೂರು ಉಳಿದಿತ್ತು. ಮೇಘಾ ಹತ್ತಿರ ಕೂತು ಒಂದೊಂದಾಗಿ ಆಯ್ದಳು.

ಹತ್ತು ಗಂಟೆಗೆ ಲಿಂಗಸುಗೂರಿನವರು ಬಂದರು. ಮಾನಪ್ಪ ಸೀರೆಯ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಮಖಾನೆಯ ಮೇಲೆ ಕೂತು, ಮುಂದಿನ ಚೀಲಕ್ಕೆ ಬೆನ್ನು ಕೊಟ್ಟ. ಮಸ್ಕಿಯ ಜೋಳ ಅವನ ಭಾರಕ್ಕೆ ಗಟ್ಟಿಯಾಗಿ ನಿಂತಿತು. ಅವನು ಖುಷಿಯಲ್ಲೇ ಇದ್ದ. ದಾರಿಯ ಮಾತು, ಕುರಿಯ ರೇಟಿನ ಮಾತು ಆಡಿದ. ಸೀರೆ ತೆಗೆಯುವ ಮುಂಚೆ ಹಿರಿಯರು ನಾಲ್ಕು ಮಂದಿ ಬೇಕಲ್ಲ ಎಂದು ಬಾಗಿಲ ಕಡೆ ನೋಡಿದ. "ಓಣಿ ಮಂದಿ ಇನ್ನೂ ಬರಬೇಕೇನ್ರೀ?"

"ಬರ್ತಾರ್ರೀ. ನೆಲ್ಲು ಕೊಯ್ಲಿನ ಸುಗ್ಗಿ ನೋಡ್ರಿ, ಕೆಲಸಕ್ಕ ಹೋಗ್ಯಾರ" ಎಂದಳು ಗದ್ದೆಮ್ಮ. ಕೊಯ್ಲು ಮುಗಿದು ತಿಂಗಳಾಗಿತ್ತು. ಎದುರು ಮನೆಯಲ್ಲಿ ಯಾರೋ ಬಟ್ಟೆ ಒಗೆಯುವ ಸಪ್ಪಳ ಕೇಳುತ್ತಿತ್ತು.

ಚಹಾದ ತಾಟು ಹಿಡಿದು ಜ್ಯೋತಿ ಬಂದಳು. ಅವಳಿಗೆ ದಾರಿ ಬಿಡಲೆಂದು ಮಾನಪ್ಪ ಪಕ್ಕಕ್ಕೆ ಸರಿದು, ಏಳುವ ನೆವಕ್ಕೆ ಎರಡನೆಯ ಚೀಲದ ಮೇಲೆ ಕೈಯೂರಿದ. ಕೈ ಒಳಗೆ ಹೋಯಿತು. ಅವನು ಕೈ ತೆಗೆಯಲಿಲ್ಲ. ಕುರಿಯ ಬೆನ್ನು ಒತ್ತುವಂತೆ ಇನ್ನೊಮ್ಮೆ ಒತ್ತಿದ. ಆಮೇಲೆ ಕೈ ಚಾಚಿ ಮೂರನೆಯದನ್ನು ಒತ್ತಿದ, ನಾಲ್ಕನೆಯದನ್ನು ಒತ್ತಿದ. ಯಾವುದೂ ಕಿರ್ ಎನ್ನಲಿಲ್ಲ. ತಿರುಗಿ ಬಾಗಿಲಾಚೆಗೆ ನೋಡಿದ. ಕಳೆದ ಸಲ ಹೆಂಗಸರು ಮಕ್ಕಳಿಂದ ತುಂಬಿದ್ದ ಹೊಸ್ತಿಲ ಮೇಲೆ ಬರೀ ಬಿಸಿಲಿತ್ತು.

ಮಾನಪ್ಪನ ಮುಖದಲ್ಲಿ ಸಿಟ್ಟು ಬರಲಿಲ್ಲ. ಅದನ್ನೇ ಕಾಯುತ್ತಿದ್ದ ಮೇಘಾಳಿಗೆ ಅದು ಬಾರದ್ದು ಹೆಚ್ಚು ಹೆದರಿಕೆ ತಂದಿತು.

"ಅವತ್ತು ಲೆಕ್ಕ ಹಾಕಿದಾಕಿ ನೀನ ಅಲ್ಲೇನವ್ವಾ?" ಎಂದು ಅವಳ ಕಡೆ ತಿರುಗಿದ. ದನಿ ಮೆತ್ತಗೇ ಇತ್ತು. "ಇವತ್ತೆಷ್ಟ ದಿನ ಬರ್ತೈತಿ?"

ಗದ್ದೆಮ್ಮ ನೆಲ ನೋಡಿದಳು. ಆಂಜನೇಯ ಮೊದಲ ಸಲ ತಲೆಯೆತ್ತಿ ಜ್ಯೋತಿಯನ್ನು ನೋಡಿ, ಆಮೇಲೆ ಮಾವನನ್ನು ನೋಡಿದ. ಮೇಘಾಳ ಹತ್ತಿರ ಇವತ್ತು ಟ್ಯಾಬು ಇರಲಿಲ್ಲ. ಬೇಕಾಗಿಯೂ ಇರಲಿಲ್ಲ. ಒಂದು ಚೀಲ, ಮೂರು ಮಂದಿ.

"ನಲವತ್ತೊಂದು ದಿನ್ರೀ" ಎಂದಳು.

ಮಾನಪ್ಪ ತಲೆಯಾಡಿಸಿದ. ಚಹಾ ತೆಗೆದುಕೊಂಡು ಪೂರ್ತಿ ಕುಡಿದ. ಲೋಟವನ್ನು ತಾನೇ ತಾಟಿನಲ್ಲಿಟ್ಟು, "ತ್ರಾಸ ತಗೋಬ್ಯಾಡ್ರಿ ಅಕ್ಕಾರ, ಮನ್ಯಾಗ ಹಿರೇರನ್ನ ಇನ್ನೊಂದ್ ಮಾತು ಕೇಳಿ ಹೇಳಿ ಕಳಸ್ತೀವಿ" ಎಂದ. ಸೀರೆಯ ಕೈಚೀಲವನ್ನು ಬಗಲಿಗೆ ಸಿಕ್ಕಿಸಿಕೊಂಡು ಎದ್ದ. ಹೊಸ್ತಿಲಲ್ಲಿ ಚಪ್ಪಲಿ ಹುಡುಕಿ ಹಾಕಿಕೊಂಡ. ಅವರ ಗಾಡಿಯ ಸದ್ದು ಕೆನಾಲ್ ದಂಡೆಯುದ್ದಕ್ಕೂ ಹೋಗಿ ಕರಗಿತು. ಮೂಲೆಯಲ್ಲಿದ್ದ ಅತ್ತೆ, "ಹೋದ್ರೇನಬೇ? ಸೀರಿ ಯಾ ಬಣ್ಣದ್ದು?" ಎಂದು ಕೇಳಿದಳು.

ಎದುರು ಮನೆಯ ಬಟ್ಟೆಯ ಸಪ್ಪಳ ನಿಂತಿತ್ತು. ಜ್ಯೋತಿ ತಾಟು ಹಿಡಿದು ನಿಂತೇ ಇದ್ದಳು. ಎರಡನೆಯ ಚೀಲದ ಮೇಲೆ ಮಾನಪ್ಪನ ಅಂಗೈ ಊರಿದ್ದ ತಗ್ಗು ಹಾಗೆಯೇ ಉಳಿದಿತ್ತು, ಐದು ಬೆರಳೂ ಎಣಿಸುವಷ್ಟು ಸ್ಪಷ್ಟವಾಗಿ.